ಮನೆಯಾಚೆಯ ದನಿ

ಹದಿಮೂರು ದಾಟಿದ ಮಗ ಅಮ್ಮನ ಕೂಗಿಗೆ ಓಗೊಡುವುದಿಲ್ಲ ಎಂಬ ದೂರು ಯಾವ ಮನೆಯಲ್ಲಿ ಇಲ್ಲ? ಮೂರು ಸಲ ಕರೆದರೂ ಕೋಣೆಯಿಂದ ಹೊರಬಾರದವನು, ಎದುರುಮನೆಯ ಅಣ್ಣ ಬೀದಿಯಲ್ಲಿ ಒಂದು ಸಿಳ್ಳೆ ಹಾಕಿದರೆ ಚಪ್ಪಲಿ ಮೆಟ್ಟಿಕೊಂಡು ಓಡುತ್ತಾನೆ. ಇದನ್ನು ಉಡಾಫೆ ಎಂದು ಬೈಯುವ ಮೊದಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಏಬ್ರಮ್ಸ್, ವಿನೋದ್ ಮೆನನ್ ಮತ್ತು ಅವರ ಸಂಗಡಿಗರು ಮಾಡಿದ ಕೆಲಸವನ್ನು ನೋಡಬೇಕು.

ಅವರು ಮಕ್ಕಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಅರ್ಥವೇ ಇಲ್ಲದ ಪದಗಳನ್ನು ಕೇಳಿಸಿದರು. ಕೆಲವು ಅಮ್ಮನ ದನಿಯಲ್ಲಿ, ಕೆಲವು ಗುರುತು ಪರಿಚಯವಿಲ್ಲದ ಹೆಂಗಸರ ದನಿಯಲ್ಲಿ. ಮಿದುಳು ಮಾತಿನ ಅರ್ಥಕ್ಕೆ ಮಿಡಿಯಿತೋ ದನಿಗೇ ಮಿಡಿಯಿತೋ ಎಂಬ ಗೊಂದಲ ಉಳಿಯಬಾರದೆಂದು ಅರ್ಥವಿಲ್ಲದ ಪದಗಳನ್ನೇ ಆರಿಸಿಕೊಂಡಿದ್ದರು. ಒಂದೊಂದು ಪದವೂ ಒಂದು ಸೆಕೆಂಡಿಗಿಂತ ಕಡಿಮೆ. 2016ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿದ್ದವರು 7ರಿಂದ 12 ವರ್ಷದವರು. ಅಷ್ಟು ಚಿಕ್ಕ ಸದ್ದಿನಲ್ಲೇ ಅವರು ನೂರಕ್ಕೆ 97 ಸಲ ಅಮ್ಮನನ್ನು ಗುರುತಿಸಿದರು. ಸಂತೋಷ, ಹಂಬಲಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಅಮ್ಮನ ದನಿಗೆ ಹೆಚ್ಚು ಚುರುಕಾದವು. 2022ರಲ್ಲಿ ಅದೇ ತಂಡ ವಯಸ್ಸಿನ ಮಿತಿಯನ್ನು 16ರವರೆಗೆ ಹಿಗ್ಗಿಸಿ ನೋಡಿದಾಗ ಚಿತ್ರ ತಿರುವುಮುರುವಾಯಿತು. 13 ದಾಟಿದವರಲ್ಲಿ ಅದೇ ಭಾಗಗಳು, ಅದರಲ್ಲೂ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಪುಟ್ಟ ಕೇಂದ್ರ, ಅಪರಿಚಿತ ದನಿಗಳಿಗೆ ಹೆಚ್ಚು ಮಿಡಿದವು. ಅಮ್ಮನ ದನಿಯನ್ನು ಅವರು ಮರೆತಿರಲಿಲ್ಲ. ಚಿಕ್ಕವರಷ್ಟೇ ಸರಿಯಾಗಿ ಗುರುತಿಸುತ್ತಿದ್ದರು. ಆದರೆ ಮಿದುಳಿನ ಒಲವು ಹೊಸ್ತಿಲು ದಾಟಿತ್ತು.

ಇದು ಬೆಳವಣಿಗೆಯ ಸಹಜ ಹೆಜ್ಜೆ. ಇನ್ನು ಕೆಲವೇ ವರ್ಷಗಳಲ್ಲಿ ಈ ಹುಡುಗ, ಈ ಹುಡುಗಿ ಮನೆಯವರಲ್ಲದವರ ನಡುವೆ ದುಡಿಯಬೇಕು, ಜಗಳವಾಡಬೇಕು, ರಾಜಿಯಾಗಬೇಕು, ಸಂಗಾತಿಯನ್ನು ಕಂಡುಕೊಳ್ಳಬೇಕು. ಅದಕ್ಕೆ ಬೇಕಾದ ಕಿವಿಯನ್ನು ಮಿದುಳು ಮುಂಚಿತವಾಗಿ ತೆರೆದಿಡುತ್ತದೆ. ಆ ತೆರೆದ ಕಿವಿಗೆ ಯಾರ ದನಿ ಬೀಳುತ್ತದೆ ಎಂಬುದನ್ನು ಮಾತ್ರ ಮಿದುಳು ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ಊರು, ಬೀದಿ, ಶಾಲೆ, ಈಗೀಗ ಮೊಬೈಲು. ಮಗು ಹೊರಗಿನ ದನಿಗೆ ಕಿವಿಗೊಡುವ ಆ ಐದಾರು ವರ್ಷಗಳಲ್ಲಿ, ಹೊರಗೆ ನಂಬಿಕಸ್ಥನಾದ ಒಬ್ಬ ದೊಡ್ಡವನಿರುವಂತೆ ನೋಡಿಕೊಳ್ಳುವುದು ಸಮುದಾಯದ ಹೊಣೆ ಎಂದು ನಾನು ನಂಬಿದ್ದೇನೆ. ಆ ದೊಡ್ಡವನು ಅಥವಾ ದೊಡ್ಡವಳು ಮಾಡಬೇಕಾದ ಕೆಲಸ ಮುಖ್ಯವಾಗಿ ಮಾತುಕತೆ. ಆದರೆ ಎಂಥ ಮಾತುಕತೆ, ಎಷ್ಟು ಕಾಲ ಎಂಬಲ್ಲಿ ವಿಜ್ಞಾನ ನಮಗೆ ಕೆಲವು ಹಿತವಲ್ಲದ ಸತ್ಯಗಳನ್ನೂ ಹೇಳುತ್ತದೆ.

ಮೊದಲು ಒಂದು ಹಿತವಾದ ಸಂಗತಿ. ಗೆಳೆಯರು ಜೊತೆಗಿದ್ದರೆ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ. ಇದನ್ನು ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಕಂಪ್ಯೂಟರಿನ ಕಾರು ಆಟವೊಂದರಲ್ಲಿ ತೋರಿಸಿದರು. ಹಳದಿ ದೀಪ ಬಿದ್ದ ಮೇಲೂ ಕಾರು ಓಡಿಸುವ ಪ್ರಮಾಣ, ಒಬ್ಬರೇ ಆಡಿದಾಗಿನದಕ್ಕಿಂತ ಗೆಳೆಯರು ನೋಡುತ್ತಿದ್ದಾಗ ಸುಮಾರು ಎರಡರಷ್ಟಾಯಿತು. ವಯಸ್ಕರಲ್ಲಿ ಈ ವ್ಯತ್ಯಾಸವೇ ಇರಲಿಲ್ಲ ಎನ್ನಬಹುದು. ಹನ್ನೊಂದು ವರ್ಷಗಳ ನಂತರ ಸ್ಟೈನ್‌ಬರ್ಗ್ ತಂಡ ಇನ್ನೊಂದು ಪ್ರಯೋಗ ಮಾಡಿತು. 18ರಿಂದ 22 ವರ್ಷದ ಹುಡುಗರ ಗುಂಪಿನಲ್ಲಿ ಒಬ್ಬನ ಜಾಗಕ್ಕೆ 25–30ರ ಆಸುಪಾಸಿನ ಒಬ್ಬನನ್ನು ಕೂರಿಸಿದರು. ಅಷ್ಟಕ್ಕೇ ಗುಂಪಿನ ಹುಚ್ಚಾಟ ಇಳಿದು, ಹುಡುಗರು ಒಬ್ಬೊಬ್ಬರೇ ಆಡುವಾಗ ತೋರುವಷ್ಟು ಎಚ್ಚರಕ್ಕೆ ಬಂದರು. ಆತ ಅಪ್ಪನ ವಯಸ್ಸಿನವನಲ್ಲ, ಮೇಷ್ಟ್ರೂ ಅಲ್ಲ. ನಮ್ಮ ಊರುಗಳಲ್ಲಿ ಅಣ್ಣ ಎಂದು ಕರೆಸಿಕೊಳ್ಳುವ ವಯಸ್ಸು ಅದು. ವಾಲಿಬಾಲ್ ಅಂಗಳದಲ್ಲಿ, ಗಣೇಶನ ಪೆಂಡಾಲಿನಲ್ಲಿ, ಗರಡಿಮನೆಯಲ್ಲಿ ಅಂಥವನೊಬ್ಬ ಇದ್ದೇ ಇರುತ್ತಾನೆ.

ಹೀಗೆ ಒಬ್ಬ ಹೊರಗಿನವರ ಒಡನಾಟ ಇಡೀ ಬದುಕಿನ ದಿಕ್ಕನ್ನು ತಿದ್ದಬಲ್ಲದೇ? ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಕಬ್ಬು, ಅನಾನಸ್ ತೋಟಗಳಿಗೆ ಕೂಲಿಗೆಂದು ಏಷ್ಯಾದಿಂದ ಬಂದವರ ಪೀಳಿಗೆಯ ಮಕ್ಕಳು ಅಲ್ಲಿ ಬಹಳ. ಸುಮಾರು ಮೂರರಲ್ಲೊಂದು ಭಾಗದವರಿಗೆ ಬಡತನ, ಹೆರಿಗೆಯ ತೊಡಕು, ಮನೆಯ ಜಗಳ, ಕುಡಿತ ಅಥವಾ ಮಾನಸಿಕ ಕಾಯಿಲೆಯ ತಂದೆತಾಯಿ ಎಂಬ ಕಷ್ಟಗಳಲ್ಲಿ ಹಲವು ಒಟ್ಟಿಗೇ ಸುತ್ತಿಕೊಂಡಿದ್ದವು. ಇವರಲ್ಲಿ 72 ಮಂದಿ ಎಲ್ಲರ ಎಣಿಕೆ ಮೀರಿ ನೆಮ್ಮದಿಯ, ಹೊಣೆಯರಿತ ವಯಸ್ಕರಾದರು. ವರ್ನರ್ ಅವರ ಬದುಕನ್ನು ಕೆದಕಿದಾಗ ಮತ್ತೆ ಮತ್ತೆ ಎದುರಾದದ್ದು ತಂದೆತಾಯಿಯ ಆಚೆಗಿನ ಒಬ್ಬ ಆಪ್ತ ವ್ಯಕ್ತಿ. ಅಜ್ಜಿ, ಚಿಕ್ಕಮ್ಮ, ನೆರೆಮನೆಯವರು, ಮೆಚ್ಚಿನ ಟೀಚರ್, ಚರ್ಚಿನ ಯುವಕೂಟದ ಹಿರಿಯರು. ತಮ್ಮಂದಿರನ್ನು ನೋಡಿಕೊಳ್ಳುವಂಥ ನಿಜವಾದ ಕೆಲಸವೊಂದು ಹೆಗಲ ಮೇಲಿದ್ದದ್ದೂ ನೆರವಾಗಿತ್ತು. ಇದು ಗಮನಿಸಿ ಕಂಡದ್ದು, ಪ್ರಯೋಗವಲ್ಲ. ಚೂಟಿಯಾದ, ನಗುಮೊಗದ ಮಗು ತಾನೇ ಹಿರಿಯರನ್ನು ಹತ್ತಿರ ಸೆಳೆದಿರಲೂಬಹುದು. ಹಾಗಾಗಿ ಆಪ್ತರಿಲ್ಲದ ಮಗುವಿಗೆ ನಾವಾಗಿಯೇ ಒಬ್ಬರನ್ನು ಒದಗಿಸಿದರೆ ಏನಾಗುತ್ತದೆ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕಿತ್ತು.

ಪರೀಕ್ಷೆಯ ಫಲಿತಾಂಶಕ್ಕೆ ಮುಂಚೆ ಮಾತುಕತೆಯ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ. ಒಂದು ಸಾದಾ ಸಂದರ್ಭ ಇಟ್ಟುಕೊಳ್ಳಿ. ಒಂಬತ್ತನೇ ತರಗತಿಯ ಹುಡುಗಿ, ವಾರಕ್ಕೊಮ್ಮೆ ಅವಳನ್ನು ಮಾತಾಡಿಸುವ ಊರಿನ ಅಕ್ಕ.

"ಏನಾಯ್ತೇ, ಮುಖ ಸಪ್ಪಗಿದೆ?"

"ಏನಿಲ್ಲ ಅಕ್ಕ."

ಇಲ್ಲಿ ಎರಡು ದಾರಿಗಳಿವೆ. "ಗೆಳತಿಯರನ್ನ ತಲೆಗೆ ಹಚ್ಕೋಬೇಡ, ಪರೀಕ್ಷೆ ಹತ್ರ ಬಂತು, ಓದ್ಕೋ" ಎಂದುಬಿಡಬಹುದು. ಬುದ್ಧಿಮಾತಿನಲ್ಲಿ ತಪ್ಪೇನಿಲ್ಲ, ಆದರೆ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ದಾರಿ ಹೀಗೆ:

"ಸರಿ, ಈಗ್ಲೇ ಹೇಳ್ಬೇಕು ಅಂತೇನಿಲ್ಲ. ಬಾ, ಈ ಪುಸ್ತಕಗಳನ್ನ ಜೋಡಿಸೋಣ."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಬಾಯಿಬಿಡುತ್ತಾಳೆ. "ಅವ್ರೆಲ್ಲ ಸೇರಿ ಜಾತ್ರೆಗೆ ಹೋಗಿದ್ರು. ನಂಗೆ ಹೇಳ್ಲೇ ಇಲ್ಲ."

"ಗೊತ್ತಾದಾಗ ಏನನ್ನಿಸ್ತು? ಸಿಟ್ಟು ಬಂತಾ?"

"ಮೊದ್ಲು ಸಿಟ್ಟು ಬಂತು. ಆಮೇಲೆ ಒಂಥರಾ ಅವಮಾನ. ಇಡೀ ಕ್ಲಾಸಿಗೇ ಗೊತ್ತಿತ್ತು, ನಂಗೊಬ್ಬಳಿಗೇ ಗೊತ್ತಿರ್ಲಿಲ್ಲ."

"ನಾಳೆ ಅವ್ರು ಸಿಕ್ಕಿದಾಗ ಏನ್ ಮಾಡ್ಬೇಕು ಅಂತಿದೀಯ?"

ಈ ಪುಟ್ಟ ಮಾತುಕತೆಯಲ್ಲಿ ಅಕ್ಕ ಏನನ್ನೂ ಕಲಿಸಿದಂತೆ ಕಾಣುವುದಿಲ್ಲ. ಆದರೆ ಹುಡುಗಿ ಮೂರು ಕೆಲಸ ಮಾಡಿದ್ದಾಳೆ. ಒಳಗಿನ ಕಲಕನ್ನು ಸಿಟ್ಟು, ಅವಮಾನ ಎಂದು ಬಿಡಿಸಿ ಹೆಸರಿಟ್ಟಳು. ಯಾಕೆ ಹಾಗನ್ನಿಸಿತು ಎಂದು ಕಂಡುಕೊಂಡಳು. ನಾಳೆಯ ನಡೆಯನ್ನು ಇಂದೇ ಯೋಚಿಸಲು ಶುರುಮಾಡಿದಳು. ಹೆಸರಿಡುವುದರ ಪರಿಣಾಮವನ್ನು ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಯೂ ಲೀಬರ್‌ಮನ್ 2007ರಲ್ಲಿ ಮಿದುಳಿನ ಚಿತ್ರಗಳಲ್ಲೇ ನೋಡಿದರು. ಸಿಟ್ಟಿನ ಅಥವಾ ಹೆದರಿದ ಮುಖವೊಂದನ್ನು ತೋರಿಸಿ, ಆ ಭಾವಕ್ಕೆ ಸರಿಹೊಂದುವ ಪದವನ್ನು ಆರಿಸಲು ಹೇಳಿದಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಎಂಬ ಭಾಗ ತಣ್ಣಗಾಯಿತು. ಹಣೆಯ ಹಿಂದಿನ ಮಿದುಳಿನ ಬಲಬದಿಯ ಒಂದು ಭಾಗ ಚುರುಕಾಯಿತು. ಅದೇ ಮುಖಕ್ಕೆ ಬರೀ ಗಂಡಿನ ಹೆಸರೋ ಹೆಣ್ಣಿನ ಹೆಸರೋ ಹೊಂದಿಸಿದಾಗ ಈ ಪರಿಣಾಮ ಕಾಣಲಿಲ್ಲ. ಎಲ್ಲ ಬೇಗುದಿಗೂ "ಟೆನ್ಷನ್" ಎಂದು ಒಂದೇ ಮುದ್ರೆ ಒತ್ತುವ ಮಗುವಿಗೆ, ಒಳಗಿರುವುದು ಹೆದರಿಕೆಯೋ ಹೊಟ್ಟೆಕಿಚ್ಚೋ ಒಂಟಿತನವೋ ಎಂದು ಬಿಡಿಸಿ ನೋಡಲು ಕೇಳುವವರೊಬ್ಬರು ಬೇಕು. ಒಬ್ಬರೇ ಕೂತು ಇದನ್ನು ಮಾಡುವ ಶಕ್ತಿ ಹದಿನಾಲ್ಕರ ವಯಸ್ಸಿನಲ್ಲಿ ಇನ್ನೂ ಕುದುರಿರುವುದಿಲ್ಲ. ಹಣೆಯ ಹಿಂದಿನ ಆ ಮಿದುಳು ಮಾಗುವುದು ಇಪ್ಪತ್ತು ದಾಟಿದ ಮೇಲೆಯೇ. ಈಜು ಕಲಿಯುವವನ ಹೊಟ್ಟೆಯಡಿ ಕೈ ಕೊಟ್ಟು ನಿಲ್ಲುವ ಹಾಗೆ, ಅಲ್ಲಿಯವರೆಗೆ ದೊಡ್ಡವರೊಬ್ಬರ ಪ್ರಶ್ನೆಗಳು ಅದನ್ನು ತುಸು ಎತ್ತಿಹಿಡಿಯಬೇಕಾಗುತ್ತದೆ.

ಬುದ್ಧಿ ಹೇಳುವ ದಾರಿ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೂ ಪುರಾವೆಯಿದೆ. ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆ ಹಿರಿಯ ಸ್ವಯಂಸೇವಕರನ್ನು ಮಕ್ಕಳಿಗೆ ಜೊತೆಮಾಡುತ್ತದೆ. ಅಂಥ 82 ಜೋಡಿಗಳನ್ನು ಕ್ರಿಸ್ಟೀನ್ ಮಾರೋ ಮತ್ತು ಮೆಲನಿ ಸ್ಟೈಲ್ಸ್ 1990ರ ದಶಕದಲ್ಲಿ ಹತ್ತಿರದಿಂದ ನೋಡಿದರು. ಕೆಲವು ಹಿರಿಯರು ಮೊದಲ ದಿನದಿಂದಲೇ ಮಗುವನ್ನು ತಿದ್ದಲು ಹೊರಟಿದ್ದರು. ಅಂಕ ಏರಬೇಕು, ನಡತೆ ಸುಧಾರಿಸಬೇಕು, ಮಾಡಬೇಕಾದ್ದನ್ನು ತಾವೇ ಹೇಳಬೇಕು. ಉಳಿದವರು ಮೊದಲು ಒಡನಾಟ ಬೆಳೆಯಲಿ ಎಂದು ಬಿಟ್ಟು, ಏನು ಮಾಡೋಣ ಎಂಬುದನ್ನು ಮಗುವಿನ ಜೊತೆ ಸೇರಿ ತೀರ್ಮಾನಿಸುತ್ತಿದ್ದರು. ತಿಂಗಳುಗಳು ಕಳೆದು ನೋಡಿದಾಗ ತಿದ್ದಲು ಹೊರಟವರ ಜೋಡಿಗಳಲ್ಲಿ ಬಹುಪಾಲು ಮುರಿದಿದ್ದವು. ಎರಡನೆಯ ಬಗೆಯವು ಬಹುತೇಕ ಎಲ್ಲವೂ ನಡೆಯುತ್ತಿದ್ದವು. ತಿದ್ದುವುದು ಕೊನೆಗೂ ಸಾಧ್ಯವಾದದ್ದು ತಿದ್ದುವ ಅವಸರ ಬಿಟ್ಟವರಿಗೇ. ನಂಬಿಕೆ ಕುದುರಿದ ಮೇಲೆ ಮಕ್ಕಳು ತಾವಾಗಿಯೇ ಶಾಲೆಯ ತೊಂದರೆಗಳನ್ನು ಅವರ ಮುಂದೆ ಇಡುತ್ತಿದ್ದರು.

ಮಾತಿನ ಜೊತೆ ಮೈಗೂ ಪಾಠವಿದ್ದರೆ ಇನ್ನೂ ಒಳ್ಳೆಯದು. ಷಿಕಾಗೋದ ಬಡ ಬಡಾವಣೆಗಳ ಶಾಲೆಗಳಲ್ಲಿ 'ಬಿಕಮಿಂಗ್ ಎ ಮ್ಯಾನ್' ಎಂಬ ಕಾರ್ಯಕ್ರಮ ನಡೆಯುತ್ತದೆ. ಟೋನಿ ಡಿವಿಟ್ಟೋರಿಯೊ ರೂಪಿಸಿದ್ದು. ವಾರಕ್ಕೊಂದು ಗಂಟೆ ಹುಡುಗರು ವೃತ್ತವಾಗಿ ಕೂರುತ್ತಾರೆ. ಆರಂಭದಲ್ಲೇ ಒಂದು ಆಟ: ಒಬ್ಬನ ಮುಷ್ಟಿಯಲ್ಲಿ ಚೆಂಡು, ಇನ್ನೊಬ್ಬ ಅರ್ಧ ನಿಮಿಷದಲ್ಲಿ ಅದನ್ನು ಪಡೆಯಬೇಕು. ಹೆಚ್ಚುಕಡಿಮೆ ಎಲ್ಲರೂ ಬೆರಳು ತಿರುಚುತ್ತಾರೆ, ಗುದ್ದಾಡುತ್ತಾರೆ. ಕೊನೆಗೆ ನಡೆಸಿಕೊಡುವ ಅಣ್ಣ ಕೇಳುತ್ತಾನೆ, "ಕೊಡ್ತೀಯಾ ಅಂತ ಯಾರೂ ಯಾಕೆ ಕೇಳಲಿಲ್ಲ?" ಕೇಳಿದ್ದರೆ ಕೊಡುತ್ತಿದ್ದೆಯಾ ಎಂದರೆ, ಚೆಂಡು ಹಿಡಿದವನು ಕೊಡುತ್ತಿದ್ದೆ ಎನ್ನುತ್ತಾನೆ. ಎದುರಿಗಿರುವವನು ಮಣಿಯುವುದಿಲ್ಲ ಎಂಬ ಊಹೆ ಎಷ್ಟು ಬೇಗ ತಲೆಗೇರಿತು ಎಂಬುದರ ಮೇಲೆ ಆಮೇಲೆ ಚರ್ಚೆ. 2009–10ರಲ್ಲಿ 2,740 ಹುಡುಗರ ಹೆಸರುಗಳನ್ನು ಲಾಟರಿಯಂತೆ ಎತ್ತಿ, ಕಾರ್ಯಕ್ರಮ ಸಿಕ್ಕವರನ್ನೂ ಸಿಗದವರನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿದರು. ವರ್ಷದಲ್ಲಿ ಹೆಚ್ಚೆಂದರೆ 27 ಗಂಟೆಯ ಕೂಟಗಳು. ಅದು ನಡೆಯುತ್ತಿದ್ದ ಅವಧಿಯಲ್ಲಿ ಹಿಂಸೆಯ ಆರೋಪದ ಬಂಧನಗಳು ಸರಿಸುಮಾರು ಅರ್ಧಕ್ಕೆ ಇಳಿದವು. ಕೂಟ ನಿಂತ ಮೇಲೆ ಬಂಧನಗಳಲ್ಲಿನ ಆ ಇಳಿಕೆ ಉಳಿಯಲಿಲ್ಲ. ಓದು ಮುಗಿಸುವವರ ಪ್ರಮಾಣ ಮಾತ್ರ ಹೆಚ್ಚೇ ಇತ್ತು.

ಇಷ್ಟೆಲ್ಲ ಓದಿದ ಮೇಲೆ, ಒಳ್ಳೆಯ ಮನಸ್ಸಿನಿಂದ ಮಕ್ಕಳ ಬಳಿ ಹೋದರೆ ಒಳ್ಳೆಯದೇ ಆಗುತ್ತದೆ ಎಂದು ಅನ್ನಿಸುವುದು ಸಹಜ. ಹಾಗಲ್ಲ ಎಂಬುದನ್ನು ತೋರಿಸಿದ ಅಧ್ಯಯನವೊಂದನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಬಾಸ್ಟನ್ ಬಳಿಯ ಕೇಂಬ್ರಿಡ್ಜ್ ಮತ್ತು ಸಾಮರ್‌ವಿಲ್ ಎಂಬ ಊರುಗಳಲ್ಲಿ, ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಎಂಬ ಹೃದಯವಂತ ವೈದ್ಯರ ಕನಸಿನಂತೆ 1939ರಲ್ಲಿ ಅದು ಶುರುವಾಯಿತು. ದಾರಿತಪ್ಪುವ ಸಾಧ್ಯತೆಯಿದ್ದ ಹುಡುಗರಿಗೆ ಒಬ್ಬ ಸ್ನೇಹಮಯಿ ಹಿರಿಯನ ಸಂಗ ಸಿಕ್ಕರೆ ಅವರು ಉಳಿದುಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ವಯಸ್ಸು, ಬುದ್ಧಿ, ಮನೆಯ ಸ್ಥಿತಿ ಒಂದೇ ತೆರನಾಗಿದ್ದ ಇಬ್ಬಿಬ್ಬರನ್ನು ಜೋಡಿಮಾಡಿ, ನಾಣ್ಯ ಚಿಮ್ಮಿ, ಒಬ್ಬನಿಗೆ ಮಾರ್ಗದರ್ಶಕನನ್ನು ಕೊಟ್ಟು ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಒಟ್ಟು 506 ಹುಡುಗರು. ಮಾರ್ಗದರ್ಶಕರು ತಿಂಗಳಿಗೆ ಸರಾಸರಿ ಎರಡು ಸಲ ಮನೆಗೆ ಬರುತ್ತಿದ್ದರು. ಪಾಠಕ್ಕೆ ನೆರವು, ಔಷಧೋಪಚಾರ, ಬೇಸಿಗೆ ಶಿಬಿರ ಎಲ್ಲವೂ ಇತ್ತು. ಸರಾಸರಿ ಐದು ವರ್ಷ ನಡೆದು 1945ರಲ್ಲಿ ಮುಗಿಯಿತು.

ಮೂವತ್ತು ವರ್ಷಗಳ ನಂತರ ಜೋನ್ ಮಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು, ಆಗ ನಡುವಯಸ್ಸಿನ ಗಂಡಸರನ್ನು, ಹುಡುಕಿಕೊಂಡು ಹೊರಟರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅದರಿಂದ ತಮಗೆ ಒಳ್ಳೆಯದಾಯಿತು ಎಂದೇ ಹೇಳಿದರು. ಮಾರ್ಗದರ್ಶಕರನ್ನು ಪ್ರೀತಿಯಿಂದ ನೆನೆದರು. ಆದರೆ ನ್ಯಾಯಾಲಯದ, ಆಸ್ಪತ್ರೆಯ, ಮರಣದ ದಾಖಲೆಗಳು ಬೇರೆಯದನ್ನೇ ಹೇಳುತ್ತಿದ್ದವು. ನಾಣ್ಯ ಒಲಿಯದೆ ಅವರ ಪಾಡಿಗೆ ಬಿಟ್ಟಿದ್ದ ಜೊತೆಗಾರರಿಗಿಂತ ಇವರಲ್ಲಿ ಮತ್ತೆ ಮತ್ತೆ ಅಪರಾಧ ಮಾಡಿದವರು, ಕುಡಿತಕ್ಕೆ ಬಿದ್ದವರು, ಬೇಗ ಸತ್ತವರು ಹೆಚ್ಚು. 1978ರಲ್ಲಿ ಮಕಾರ್ಡ್ ಇದನ್ನು ಪ್ರಕಟಿಸಿದಾಗ ಅನೇಕರಿಗೆ ನಂಬಲಾಗಲಿಲ್ಲ.

ಹೀಗೇಕಾಯಿತು? ಎರಡು ದಶಕಗಳ ನಂತರ ಥಾಮಸ್ ಡಿಷನ್ ಮತ್ತು ಫ್ರಾನ್ಸ್ವಾ ಪೂಲಾಂ ಜೊತೆ ಸೇರಿ ಮಕಾರ್ಡ್ ಒಂದು ಸುಳಿವನ್ನು ಮುಂದಿಟ್ಟರು. ಹಾನಿ ಹೆಚ್ಚು ಕಂಡದ್ದು ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರಲ್ಲಿ. ಡಿಷನ್ ಹುಡುಗರ ಮಾತುಕತೆಗಳ ವೀಡಿಯೊ ತೆಗೆದು ಅಭ್ಯಾಸ ಮಾಡಿದ್ದರು. ನಿಯಮ ಮುರಿದ ಕತೆಗೆ ಗೆಳೆಯ ನಕ್ಕರೆ, ಆ ನಗುವೇ ಬಹುಮಾನ. ಅಂಥ ನಗು ಹೆಚ್ಚಿದ್ದ ಜೋಡಿಗಳು ಮುಂದೆ ಹೆಚ್ಚು ತೊಂದರೆಗೆ ಸಿಲುಕಿದವು. ಕಷ್ಟದಲ್ಲಿರುವ ಹುಡುಗರನ್ನೆಲ್ಲ ಒಂದೆಡೆ ಗುಡ್ಡೆಹಾಕಿ, ದೊಡ್ಡವರ ಕಣ್ಣು ತಪ್ಪಿದ ಹೊತ್ತು ಅವರಿಗೆ ಧಾರಾಳವಾಗಿ ಸಿಗುವಂತೆ ಮಾಡಿದರೆ, ಅಲ್ಲಿ ಕಲಿಸುವವರು ಅವರವರೇ ಆಗುತ್ತಾರೆ. ನೆರವು ಕೈಬಿಟ್ಟಾಗ ಹುಟ್ಟಿದ ನಿರಾಸೆಯೂ ಕಾರಣವಿರಬಹುದೆಂದು ಮಕಾರ್ಡ್ ಮೊದಲೇ ಊಹಿಸಿದ್ದರು.

ಆ ಊಹೆಗೆ ಬಲ ಬಂದದ್ದು ಬಿಗ್ ಬ್ರದರ್ಸ್ ಸಂಸ್ಥೆಯ ಮಕ್ಕಳಿಂದಲೇ. 1995ರ ವರದಿಯಲ್ಲಿ 10ರಿಂದ 16 ವರ್ಷದ 959 ಮಕ್ಕಳನ್ನು ಹೋಲಿಸಿ ನೋಡಿದಾಗ, ಜೊತೆಗಾರ ಸಿಕ್ಕವರು ಹದಿನೆಂಟು ತಿಂಗಳಲ್ಲಿ ಮಾದಕವಸ್ತು ಶುರುಮಾಡುವ ಸಾಧ್ಯತೆ ಶೇ 46ರಷ್ಟು ಕಡಿಮೆಯಿತ್ತು. ಶಾಲೆ ತಪ್ಪಿಸುವುದು ಅರ್ಧಕ್ಕಿಳಿದಿತ್ತು. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಅದೇ ಅಂಕಿಗಳನ್ನು ಒಡನಾಟದ ಅವಧಿಗೆ ತಕ್ಕಂತೆ ಬಿಡಿಸಿದರು. ವರ್ಷ ದಾಟಿದ ಜೋಡಿಗಳಲ್ಲೇ ಲಾಭ ಹೆಚ್ಚು. ಮೂರು ತಿಂಗಳೊಳಗೆ ಮುರಿದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಬಗ್ಗೆಯೇ ಇದ್ದ ಗೌರವ ಕುಗ್ಗಿತ್ತು. ಮೊದಲೇ ಒಬ್ಬರಿಂದಲೋ ಇಬ್ಬರಿಂದಲೋ ಕೈಬಿಡಿಸಿಕೊಂಡ ಮಗು, ಇವರೂ ಹೋದರು ಎಂದರೆ ಕಾರಣವನ್ನು ತನ್ನಲ್ಲೇ ಹುಡುಕುತ್ತದೆ. ವರ್ಷಕ್ಕೊಂದು ದಿನ ಬಂದು ಭಾಷಣ ಮಾಡಿ, ಬ್ಯಾನರಿನ ಮುಂದೆ ಫೋಟೊ ತೆಗೆಸಿಕೊಂಡು ಹೋಗುವ ಶಿಬಿರಗಳಿಗಿಂತ ಇದು ಗಂಭೀರವಾದ ಎಚ್ಚರಿಕೆ. ಶಿಬಿರ ಏನನ್ನೂ ಕೊಡದೆ ಹೋಗಬಹುದು, ಅರ್ಧಕ್ಕೆ ಬಿಟ್ಟ ಸ್ನೇಹ ಇದ್ದುದನ್ನೂ ಕಿತ್ತುಕೊಳ್ಳುತ್ತದೆ.

ನಮ್ಮ ದೇಶದಲ್ಲೇ ನಡೆದ ಒಂದು ದೊಡ್ಡ ಪ್ರಯೋಗ ಬಿಹಾರದ ನಳಂದಾ ಜಿಲ್ಲೆಯದು. ಗೋವಾ ಮೂಲದ ಸಂಗಾತ್ ಸಂಸ್ಥೆಯ ಸಚಿನ್ ಶಿಂಧೆ, ವಿಕ್ರಮ್ ಪಟೇಲ್ ಮತ್ತಿತರರು 74 ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಸೆಹೆರ್' ಎಂಬ ಕಾರ್ಯಕ್ರಮ ನಡೆಸಿದರು. ಗೋಡೆಪತ್ರಿಕೆ, ಮಕ್ಕಳು ಹೆಸರು ಬರೆಯದೆ ಚೀಟಿ ಹಾಕಬಹುದಾದ ಪೆಟ್ಟಿಗೆ, ಗುಂಪು ಚರ್ಚೆ, ಬೇಕಾದವರೊಂದಿಗೆ ಒಬ್ಬೊಬ್ಬರಾಗಿ ಮಾತು. ಒಂದು ಗುಂಪಿನ ಶಾಲೆಗಳಲ್ಲಿ ಇದನ್ನು ನಡೆಸಿದವರು 'ಸೆಹೆರ್ ಮಿತ್ರ' ಎಂಬ ಹೆಸರಿನ, ವೈದ್ಯರೂ ಅಲ್ಲದ ಮನಶ್ಶಾಸ್ತ್ರಜ್ಞರೂ ಅಲ್ಲದ, ತರಬೇತಿ ಪಡೆದ ಸಾಮಾನ್ಯರು. ಇನ್ನೊಂದರಲ್ಲಿ ಅದೇ ಶಾಲೆಯ ಒಬ್ಬ ಶಿಕ್ಷಕರು. ಮೂರನೆಯದರಲ್ಲಿ ಎಂದಿನ ಸರ್ಕಾರಿ ಪಾಠ ಮಾತ್ರ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು. ಮಿತ್ರರಿದ್ದ ಶಾಲೆಗಳ ವಾತಾವರಣ ಸುಧಾರಿಸಿತ್ತು, ಮಕ್ಕಳಲ್ಲಿ ಖಿನ್ನತೆಯ ಲಕ್ಷಣ, ಪೀಡನೆ, ಹೊಡೆದಾಟ ಕಡಿಮೆಯಾಗಿದ್ದವು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಎರಡನೇ ವರ್ಷ ಅಳೆದಾಗ ಮಿತ್ರರಿದ್ದ ಕಡೆಯ ಲಾಭ ಇನ್ನೂ ಹೆಚ್ಚಿತ್ತು.

ಇದನ್ನು ಶಿಕ್ಷಕರ ಮೇಲಿನ ದೂರಾಗಿ ಓದಬಾರದು. ಪಾಠ, ಪರೀಕ್ಷೆ, ಬಿಸಿಯೂಟ, ಜನಗಣತಿ, ಚುನಾವಣೆ ಎಲ್ಲ ಹೊತ್ತವರ ಹೆಗಲಿಗೆ ಇನ್ನೊಂದು ಮೂಟೆ ಏರಿಸಿದರೆ ಆಗುವುದು ಇಷ್ಟೇ. ಮೇಲಾಗಿ, ಅಂಕ ಕೊಡುವವರ ಮುಂದೆ, ಅಪ್ಪನಿಗೆ ಹೇಳಬಲ್ಲವರ ಮುಂದೆ, ಮಗು ಮನಸ್ಸು ಬಿಚ್ಚುವುದು ಕಷ್ಟ. ಅಧಿಕಾರದ ಕೋಲು ಕೈಯಲ್ಲಿಲ್ಲದ, ಆದರೆ ಅದೇ ನೆಲದ ನುಡಿಯಾಡುವ ಒಬ್ಬರು ಬೇಕಾಗಿರುವುದು ಅದಕ್ಕೇ.

ಕರ್ನಾಟಕದಲ್ಲಿ ಇದಕ್ಕೆ ಬುನಾದಿ ಈಗಾಗಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಸೇರಿ ನಡೆಸುವ 'ಯುವ ಸ್ಪಂದನ'ದಲ್ಲಿ, ತರಬೇತಾದ ಯುವ ಪರಿವರ್ತಕರು ತಮ್ಮ ಜಿಲ್ಲೆಯ ಯುವಜನರೊಂದಿಗೆ ಓದು, ಸಂಬಂಧ, ಆರೋಗ್ಯ, ಲೈಂಗಿಕತೆಯ ಬಗ್ಗೆ ಮಾತಾಡುತ್ತಾರೆ, ಬೇಕಾದವರನ್ನು ಮುಂದಿನ ನೆರವಿಗೆ ಕಳಿಸುತ್ತಾರೆ. 1999ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಡ್ರೀಮ್ ಎ ಡ್ರೀಮ್ ಸಂಸ್ಥೆ, ಸೌಲಭ್ಯವಿಲ್ಲದ ಮನೆಗಳ ಮಕ್ಕಳ ಬೆಳವಣಿಗೆ ಅಳೆಯಲು ಐದೇ ಅಂಶಗಳ ಸರಳ ಮಾಪಕವೊಂದನ್ನು ರೂಪಿಸಿದೆ: ಇತರರೊಡನೆ ಬೆರೆಯುವುದು, ತೊಡಕು ಬಿಡಿಸಿಕೊಳ್ಳುವುದು, ತಾನಾಗಿ ಮುಂದಾಗುವುದು, ಜಗಳ ನಿಭಾಯಿಸುವುದು, ಸೂಚನೆಯನ್ನು ಗ್ರಹಿಸಿ ನಡೆಯುವುದು. ಮಗುವನ್ನು ಕೆಲಕಾಲ ಹತ್ತಿರದಿಂದ ನೋಡಿದವರಷ್ಟೇ ಇದನ್ನು ತುಂಬಬಲ್ಲರು. ನನಗೆ ಈ ಮಾಪಕ ಇಷ್ಟವಾಗುವುದು ಆ ಕಾರಣಕ್ಕೇ. ಎಷ್ಟು ಮಕ್ಕಳನ್ನು ತಲುಪಿದಿರಿ ಎಂಬ ಪ್ರಶ್ನೆಗೆ ಉತ್ತರಿಸಲು ಹಾಜರಿ ಪುಸ್ತಕ ಸಾಕು. ಅದೇ ಹಿರಿಯರನ್ನು ಎರಡನೇ ವರ್ಷವೂ ಭೇಟಿಯಾದ ಮಕ್ಕಳು ಎಷ್ಟು ಎಂಬುದನ್ನು ಹಣ ಕೊಡುವವರು ಕೇಳಲು ಶುರುಮಾಡಿದರೆ ಕೆಲಸದ ರೀತಿಯೇ ಬದಲಾಗುತ್ತದೆ.

ಇಂಥ ಅಣ್ಣನೋ ಅಕ್ಕನೋ ಆಗಲು ಹೊರಟವರು ಮೊದಲ ಭೇಟಿಯಲ್ಲೇ ಕೆಲವನ್ನು ಬಾಯಿಬಿಟ್ಟು ಹೇಳಬೇಕು. ಎಷ್ಟು ಕಾಲ ಬರುತ್ತೇನೆ, ಯಾವ ದಿನ, ಎಷ್ಟು ಹೊತ್ತಿಗೆ. ನೀನು ಹೇಳಿದ್ದನ್ನು ಮನೆಯವರಿಗಾಗಲಿ ಮೇಷ್ಟ್ರಿಗಾಗಲಿ ಹೇಳುವುದಿಲ್ಲ, ಆದರೆ ನಿನ್ನ ಜೀವಕ್ಕೆ ಅಪಾಯವಿದ್ದರೆ ಅಥವಾ ಯಾರಾದರೂ ನಿನಗೆ ಲೈಂಗಿಕವಾಗಿ ಹಿಂಸೆ ಕೊಡುತ್ತಿದ್ದರೆ ಸುಮ್ಮನಿರಲಾರೆ. ಎರಡನೆಯದನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಗುಟ್ಟು ಕಾಯುವ ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಮಿತಿಯನ್ನು ಮುಂಚೆಯೇ ಹೇಳುವುದು ಮಗುವಿಗೆ ತೋರುವ ಗೌರವ. ಕೈಮೀರಿದ್ದು ಎನ್ನಿಸಿದರೆ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ಇವೆ. ಬರಲಾಗದ ವಾರವಿದ್ದರೆ ಹಿಂದಿನ ದಿನವೇ ತಿಳಿಸಬೇಕು. ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಊರು ಬಿಡಬೇಕಾಗಿ ಬಂದರೆ ಹಲವು ಭೇಟಿಗಳ ಮುಂಚೆಯೇ ಹೇಳಿ, ಮುಂದೆ ಬರುವವರನ್ನು ಜೊತೆಗೆ ಕರೆತಂದು, ಮೂವರೂ ಕೂತು ಮಾತಾಡಿ, ಆಮೇಲೆ ಹೊರಡಬೇಕು.